ಆರು ಮನೆ, ಒಂದು ಬೇವಿನ ಕಟ್ಟೆ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವರು ಅಕ್ಕಿಯ ಚೀಲವನ್ನು ಬರಿ ಕಣ್ಣಿನಿಂದ ನೋಡಿ ಖರೀದಿಸುವುದಿಲ್ಲ. ಚೀಲದ ಮೂತಿ ಬಿಚ್ಚಿಸಿ, ಒಂದು ಹಿಡಿಯನ್ನು ಕಾದ ಮರಳಿಗೆ ಎಸೆದು, ಅದು ಅರಳುವ ಸದ್ದು ಕೇಳಿ, ಆಮೇಲೆ ಬೆಲೆಯ ಮಾತಿಗೆ ಕೂರುತ್ತಾರೆ. ಮಕ್ತುಮ್ ಸಾಬ್ ಮೂವತ್ತು ವರ್ಷ ಹೀಗೆ ಹಿಡಿ ಹಿಡಿಯಾಗಿ ಹುರಿದು ನೋಡಿಯೇ ಬದುಕಿದವನು. ತನ್ನ ಮದುವೆಯೊಂದನ್ನು ಮಾತ್ರ ಹುರಿದು ನೋಡದೆ ಒಪ್ಪಿಕೊಂಡೆ ಎಂದು ಭಟ್ಟಿಗೆ ಬಂದವರ ಮುಂದೆ ಹೇಳುತ್ತಿದ್ದ. ಹುರಿದವರು ಯಾರು, ಹುರಿಸಿಕೊಂಡವರು ಯಾರು ಎಂದು ಅವನ ಹೆಂಡತಿ ಅಮೀನಾಬೀ ಜರಡಿ ಆಡಿಸುತ್ತಲೇ ಕೇಳುತ್ತಿದ್ದಳು.

ಸಾಬನಿಗೆ ಐವತ್ತೆರಡು ದಾಟಿತ್ತು. ಭತ್ತದ ಹೊಟ್ಟಿನ ಹೊಗೆ ಮೂವತ್ತು ವರ್ಷದಿಂದ ಅವನ ಎದೆಯೊಳಗೆ ಬಾಡಿಗೆ ಕೊಡದೆ ವಾಸವಾಗಿತ್ತು. ೧೯೬೨ರ ಬೇಸಿಗೆಯಲ್ಲಿ ಡಾಕ್ಟರು ಅವನ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಇನ್ನೊಂದು ವರ್ಷ ಒಲೆಯ ಮುಂದೆ ಕೂತರೆ ಆಮೇಲೆ ನನ್ನ ಹತ್ತಿರ ಬರುವ ಅಗತ್ಯವಿರುವುದಿಲ್ಲ ಎಂದರು. ಮಗಳ ಮದುವೆ ಮುಗಿದಿತ್ತು. ಕೂಡಿಟ್ಟದ್ದು ಸ್ವಲ್ಪ ಇತ್ತು. ಅಮೀನಾಬೀಯ ಕೈಯಲ್ಲಿ ನಾಲ್ಕು ಚಿನ್ನದ ಬಳೆ ಇದ್ದವು. ಎರಡನ್ನೂ ಸೇರಿಸಿ ಬಾಡಿಗೆ ಬರುವಂಥ ಜಾಗವೊಂದನ್ನು ಕೊಂಡರೆ ಭಟ್ಟಿ ಬಿಡಬಹುದು. ತಪ್ಪು ಜಾಗ ಕೊಂಡರೆ ಬಳೆಯೂ ಇಲ್ಲ, ಭಟ್ಟಿಯೂ ತಪ್ಪುವುದಿಲ್ಲ. ಲೆಕ್ಕ ಇಷ್ಟೇ ಇದ್ದದ್ದರಿಂದ ಇಬ್ಬರಿಗೂ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಆನೆಕೊಂಡದ ಪಾಲಯ್ಯ ಎಂಬ ದಲ್ಲಾಳಿ ಮೊದಲು ಅವನನ್ನು ಊರಾಚೆಯ ಹೊಸ ಬಡಾವಣೆಗೆ ಕರೆದುಕೊಂಡು ಹೋದ. ಹತ್ತಿ ಬೆಳೆಯುತ್ತಿದ್ದ ಎರೆಹೊಲದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಮನೆ ಒಂದೂ ಇರಲಿಲ್ಲ. ಪಾಲಯ್ಯ ಮಾತ್ರ ಇಲ್ಲಿ ಪಾರ್ಕು, ಇಲ್ಲಿ ಸ್ಕೂಲು ಎಂದು ಹೇಳುತ್ತ, ಇಲ್ಲದ ರಸ್ತೆಯ ಎಡಬದಿ ಹಿಡಿದು ಹುಷಾರಾಗಿ ನಡೆಯುತ್ತಿದ್ದ.

"ಸೈಟು ತಗೊಳ್ರಿ ಸಾಬ್ರೆ. ಮೂವತ್ತು ನಲವತ್ತು. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದ್ರೂ ಒಂದು ಗೇಣು ಆಚೀಚೆ ಇಲ್ಲ."

"ಬಾಡಿಗೆ ಎಷ್ಟು ಬರ್ತದೆ?"

"ಖಾಲಿ ಸೈಟಿಗೆ ಎಲ್ಲಿ ಬಾಡಿಗೆ? ಹತ್ತು ವರ್ಷ ತಡೀರಿ, ಆಮೇಲೆ ಇದರ ಬೆಲೆ ನೋಡ್ರಿ."

"ಹತ್ತು ವರ್ಷ ನನ್ನ ಕೆಮ್ಮು ತಡೀಬೇಕಲ್ಲಪ್ಪ."

ಪಾಲಯ್ಯ ಮನಸ್ಸಿಲ್ಲದ ಮನಸ್ಸಿನಿಂದ ಇನ್ನೊಂದು ಮಾತು ತೆಗೆದ.

"ಹರಿಹರದಾಗ ಒಂದು ವಠಾರ ಐತೆ. ಆರು ಮನೆ. ಕಾರ್ಖಾನೆಗೆ ನಡೆದು ಹೋಗೋ ದೂರ. ಅರ್ಧ ಬೆಲೆಗೆ ಕೊಡ್ತಾರೆ."

"ಅರ್ಧಕ್ಕೆ ಯಾಕ?"

"ಅದನ್ನ ಯಾರೂ ಕೇಳಬಾರದು ಅಂತನೇ ಅರ್ಧಕ್ಕೆ."

ಕೇಳಬಾರದು ಎಂದ ಮೇಲೆ ಕೇಳದೆ ಬಿಡುವುದು ಮಕ್ತುಮ್ ಸಾಬನ ಜಾಯಮಾನವಲ್ಲ. ಮರುದಿನವೇ ಗಂಡ ಹೆಂಡತಿ ರೈಲು ಹತ್ತಿದರು.

ವಠಾರದ ಮಾಲೀಕ ಕೆಂಚವೀರಪ್ಪ ಕೊಕ್ಕನೂರಿನ ರೈತ. ಹೆಂಡತಿ ತೀರಿಕೊಂಡ ಮೇಲೆ ಹೊಲವನ್ನು ಅಣ್ಣನ ಮಕ್ಕಳಿಗೆ ಬಿಟ್ಟು, ಹರಿಹರಕ್ಕೆ ಬಂದು, ಒಂಬತ್ತು ವರ್ಷದ ಹಿಂದೆ ಇದನ್ನು ಕಟ್ಟಿಸಿದ್ದ. ತಾನು ಬೀದಿಯ ಎದುರು ಬದಿಯ ಪುಟ್ಟ ಮನೆಯಲ್ಲಿ ಮಲಗುತ್ತಿದ್ದ. ಉಳಿದ ಬದುಕೆಲ್ಲ ವಠಾರದ ಒಳಗಿನ ಬೇವಿನ ಮರದ ಕಟ್ಟೆಯ ಮೇಲೆ. ಇವರು ಹೋದಾಗಲೂ ಅಲ್ಲೇ ಇದ್ದ.

"ಬರ್ರಿ ಸಾಬ್ರೆ, ಕೂಡ್ರಿ. ಬರ್ರಿ ತಾಯಿ. ರೈಲು ಹೊತ್ತಿಗೆ ಸರಿಯಾಗಿ ಬಂತೇನು? ನಾಷ್ಟ ಆತೇನು?"

ಕೂತಲ್ಲಿಂದಲೇ ಕೈ ತೋರಿಸಿ ವಠಾರವನ್ನೆಲ್ಲ ಪರಿಚಯಿಸಿದ. ಪಡುವಣಕ್ಕೆ ಬೀದಿ, ಬೀದಿಯ ಗೋಡೆಯ ನಡುವೆ ಬಾಗಿಲು. ಒಳಗೆ ಉದ್ದನೆಯ ಅಂಗಳ. ಅಂಗಳದ ಈ ಬದಿ ಮೂರು ಮನೆ, ಆ ಬದಿ ಮೂರು ಮನೆ, ಎದುರು ಬದುರು. ಬಾವಿ ಹಿಂದಿನ ಮೂಲೆಯಲ್ಲಿ. ಕಕ್ಕಸು ಬೀದಿಯ ಕಡೆಯ ಮೂಲೆಯಲ್ಲಿ. ಬಾಗಿಲಿಗೂ ಕಕ್ಕಸಿಗೂ ನಡುವೆ, ಗೋಡೆಗೆ ಆತುಕೊಂಡಂತೆ, ಬೇವಿನ ಮರ ಮತ್ತು ಕಟ್ಟೆ. ಕಲ್ಲಿನ ಗೋಡೆ, ನಾಡಹಂಚು, ಬಿರುಕಿಲ್ಲದ ಗಾರೆ ನೆಲ. ಆರರಲ್ಲಿ ಐದು ಮನೆಗೆ ಬೀಗ ಬಿದ್ದಿತ್ತು.

"ಬಾವಿ ಈಶಾನ್ಯಕ್ಕೆ, ಕಕ್ಕಸು ವಾಯವ್ಯಕ್ಕೆ," ಎಂದ ಕೆಂಚವೀರಪ್ಪ. "ಶಾಸ್ತ್ರ ಬಲ್ಲೋರನ್ನ ಶಿವಮೊಗ್ಗದಿಂದ ಕರೆಸಿ, ಅವರು ಹೇಳಿದಂಗೆ ಕಟ್ಸಿದೀನಿ. ಆರು ಮನೆಗೆ ಎರಡು ಕಕ್ಕಸು. ಹರಿಹರದಾಗ ಇನ್ಯಾವ ವಠಾರದಾಗ ಐತೆ ತೋರಿಸ್ರಿ."

"ಮತ್ತೆ ಜನ ಯಾಕ ನಿಲ್ಲಲ್ಲ ಯಜಮಾನ್ರೆ?"

ಕೆಂಚವೀರಪ್ಪನಿಗೆ ಈ ಪ್ರಶ್ನೆ ಹೊಸದಲ್ಲ. ಅವನೂ ಒಂಬತ್ತು ವರ್ಷದಿಂದ ಅದನ್ನೇ ಯೋಚಿಸುತ್ತ ಕೂತವನು.

"ಒಬ್ಬ ನೀರು ಉಪ್ಪು ಅಂದ. ಒಬ್ಬ ಕಾರ್ಖಾನೆ ದೂರ ಅಂದ. ಅವನ ಪಕ್ಕದ ಮನೆಯೋನು ಕಾರ್ಖಾನೆ ಹತ್ತಿರ, ಅದರ ಕೂಗು ತಡಿಯಾಕಾಗಲ್ಲ ಅಂದ. ಒಬ್ಬನ ಹೆಂಡ್ತಿಗೆ ಮೈಯಾಗ ಹುಷಾರಿರಲಿಲ್ಲಂತೆ. ಆಯಮ್ಮ ನೋಡಿದ್ರೆ ಬೀಸೋ ಕಲ್ಲು ಎತ್ತಿ ಗಾಡಿಗೆ ಹಾಕ್ತಿತ್ತು. ಮೂರು ತಿಂಗಳು, ಹೆಚ್ಚಂದ್ರೆ ನಾಲ್ಕು. ನಾನು ಯಾರಿಗೂ ಒಂದು ಮಾತು ಅಂದೋನಲ್ಲ. ದಿನಾ ಎಲ್ಲರನ್ನೂ ವಿಚಾರಿಸ್ಕೊಂತೀನಿ."

ವಾಪಸು ಬರುವಾಗ ಮಕ್ತುಮ್ ಸಾಬ್ ಹರಿಹರದಿಂದ ದಾವಣಗೆರೆಯ ತನಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಅಡಿಪಾಯ ಸರಿ, ಸೂರು ಸರಿ, ದಿಕ್ಕು ಸರಿ, ಜಾಗ ಸರಿ. ಜನ ಇಲ್ಲ.

"ಒಂದು ಹಿಡಿ ಹುರಿದು ನೋಡ್ರಿ," ಎಂದಳು ಅಮೀನಾಬೀ.

"ಮನೆಯನ್ನ ಹೆಂಗೆ ಹುರೀತಿ?"

"ಎಂಟು ದಿನ ಒಂದು ಮನೆ ಬಾಡಿಗೆಗೆ ಹಿಡೀರಿ. ಇದ್ದು ನೋಡೋಣ."

ಈ ಮಾತು ತನಗೆ ಹೊಳೆಯದೆ ಅವಳಿಗೆ ಹೊಳೆದದ್ದು ಸಾಬನಿಗೆ ಕೊಂಚ ಬೇಸರ ತಂದಿತು. ಆದರೂ ಭಟ್ಟಿಯನ್ನು ತಮ್ಮನಿಗೆ ಒಪ್ಪಿಸಿ, ಒಂದು ಟ್ರಂಕು, ಎರಡು ಚಾಪೆ, ಒಂದು ಪಂಪ್ ಸ್ಟೌ ಹಿಡಿದು ಹರಿಹರಕ್ಕೆ ಬಂದ.

ಎಂಟು ದಿನದಲ್ಲಿ ಅವನು ಮಾಡದ ಪರೀಕ್ಷೆಯಿಲ್ಲ. ಬಾವಿಯ ನೀರನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕುಡಿದು ನೋಡಿದ. ಅದು ದಾವಣಗೆರೆಯ ನೀರಿಗಿಂತ ಸಿಹಿಯಾಗಿತ್ತು. ಕಾರ್ಖಾನೆಗೆ ಹೆಜ್ಜೆ ಎಣಿಸುತ್ತ ನಡೆದು ಹೋಗಿ ಬಂದ. ಅದರ ಕೂಗು ಮೊದಲ ದಿನ ಎಬ್ಬಿಸಿತು, ಮೂರನೆಯ ದಿನ ಅದಕ್ಕೂ ಮುಂಚೆ ಎಚ್ಚರವಾಯಿತು. ಗೋಡೆ ತಟ್ಟಿದ, ಹಂಚಿನ ಸಂದಿಗೆ ಕಣ್ಣಿಟ್ಟ. ಬೆಳಕು ಹರಿಯುವ ಮುಂಚೆ ಊರಿನ ಗಂಡಸರ ಜೊತೆ ಹೊಳೆಯ ದಂಡೆಗೆ ಹೋಗಿ, ಅಲ್ಲಿಯೇ ಎಲ್ಲ ಮುಗಿಸಿ, ಕಾರ್ಮಿಕರ ಬಾಯಿ ಬಿಡಿಸಲು ನೋಡಿದ. ವಠಾರದಲ್ಲಿ ಇದ್ದು ಹೋದ ಇಬ್ಬರು ಸಿಕ್ಕರು. ಯಾಕೆ ಬಿಟ್ಟಿರಿ ಎಂದು ಕೇಳಿದರೆ, ಮನೆಯಲ್ಲಿ ಬೇಡ ಅಂದರು, ಬಿಟ್ಟೆವು ಎಂದು ಇಬ್ಬರೂ ಒಂದೇ ಮಾತು ಹೇಳಿದರು.

ಅಮೀನಾಬೀಗೆ ಎಂಟು ದಿನ ಬೇಕಾಗಲಿಲ್ಲ.

ಮೊದಲನೆಯ ಬೆಳಿಗ್ಗೆ ಗಂಡ ಹೊಳೆಗೆ ಹೋದ ಮೇಲೆ ಅವಳು ತಲೆಯ ಮೇಲೆ ಸೆರಗೆಳೆದು, ತಂಬಿಗೆಗೆ ನೀರು ತುಂಬಿಕೊಂಡು ಅಂಗಳಕ್ಕಿಳಿದಳು. ಇನ್ನೂ ನಸುಕು. ಕಟ್ಟೆಯ ಮೇಲೆ ಬಿಳಿಯ ರುಮಾಲು ಕಾಣಿಸಿತು.

"ಬರ್ರಿ ತಾಯಿ. ಹೊಸ ಜಾಗ, ನಿದ್ದೆ ಬಂತೇನು?"

ಅವಳು ನಿದ್ದೆ ಬಂತು ಎಂದು, ಕಕ್ಕಸಿನ ಕಡೆಗೆ ಹೊರಟವಳಲ್ಲ ಎನ್ನುವಂತೆ ತಿರುಗಿ, ತಂಬಿಗೆಯ ನೀರನ್ನು ದಾಸವಾಳದ ಗಿಡಕ್ಕೆ ಹಾಕಿ ಒಳಗೆ ಬಂದಳು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಹೊರಟಳು. ಬೇರೆ ದಾರಿ ಇರಲಿಲ್ಲ. ಈ ಸಲ ತಲೆ ತಗ್ಗಿಸಿ, ಕಟ್ಟೆಯ ಮುಂದೆ ಹಾದುಹೋಗಿ ಬಂದಳು. ಬರುವಾಗ ಕೆಂಚವೀರಪ್ಪ ಕಾಳಜಿಯಿಂದ ಕೇಳಿದ.

"ಯಾಕ ತಾಯಿ, ಎರಡನೇ ಸಲ ಹೊಂಟ್ರಿ? ಹೊಟ್ಟೆ ಸರಿ ಇಲ್ಲೇನು? ಮಜ್ಜಿಗೆಗೆ ಇಂಗು ಹಾಕಿ ಕುಡೀರಿ. ಪ್ರಯಾಣದ್ದು ಅದು, ಹೋಗ್ತದೆ."

ಎದುರು ಮನೆಯ ಅರೆ ತೆರೆದ ಬಾಗಿಲ ಹಿಂದೆ ಯಾರೋ ನಗು ನುಂಗಿಕೊಂಡರು. ಅವಳು ಯಲ್ಲಕ್ಕ, ಕಾರ್ಖಾನೆಯ ಕೆಲಸಗಾರನ ಹೆಂಡತಿ, ವಠಾರದಲ್ಲಿ ಉಳಿದಿದ್ದ ಒಂದೇ ಒಂದು ಸಂಸಾರದವಳು. ಅವಳದೂ ಸಾಮಾನು ಅರ್ಧ ಕಟ್ಟಿ ಆಗಿತ್ತು. ಸ್ವಲ್ಪ ಹೊತ್ತಿಗೆ ಬಾವಿಯ ಹತ್ತಿರ ಕೊಡ ಹಿಡಿದು ಬಂದಳು.

"ಎರಡನೇ ಸಲಕ್ಕೆ ಮಜ್ಜಿಗೆ, ಅಮೀನಮ್ಮ. ಮೂರನೇ ಸಲಕ್ಕೆ ಡಾಕ್ಟ್ರ ಹೆಸರು ಹೇಳ್ತಾರೆ."

"ಮನುಷ್ಯ ಸರಿ ಇಲ್ಲೇನು?"

"ಸರಿ ಇಲ್ಲದಿದ್ರೆ ಬೈದು ಬಾಯಿ ಮುಚ್ಚಿಸ್ತಿದ್ವಿ. ಒಳ್ಳೇರು. ಹೆಣ್ಮಕ್ಕಳ ಮುಖ ಸೈತ ಎತ್ತಿ ನೋಡಲ್ಲ. ತಂಬಿಗೆ ಮಾತ್ರ ನೋಡ್ತಾರೆ."

"ಊಟಕ್ಕೆ ಏಳಲ್ಲೇನು?"

"ಅರ್ಧ ಗಂಟೆ ಏಳ್ತಾರೆ. ಆರು ಮನೆ ತುಂಬಿದ್ದಾಗ ಆ ಅರ್ಧ ಗಂಟೆಗೆ ನಮ್ಮ ಸಾಲು ಬಾವಿ ತನಕ ಇರ್ತಿತ್ತು. ರೇಷನ್ ಅಂಗಡಿ ಮುಂದೂ ಅಷ್ಟು ಉದ್ದ ಇರಲ್ಲ."

"ನಿಮ್ಮ ಮನೆಯೋರಿಗೆ ಹೇಳಲಿಲ್ಲೇನವ್ವ?"

"ಏನಂತ ಹೇಳ್ಲಿ? ಅವರು ಹೋಗಿ ಯಜಮಾನ್ರ ಮುಂದೆ ಏನಂತ ಹೇಳ್ತಾರೆ? ನೀರು ಉಪ್ಪು ಅಂದೆ."

ಅಮೀನಾಬೀ ಬಾವಿಯೊಳಗೆ ಇಣುಕಿ ನೋಡಿದಳು. ಸಿಹಿನೀರಿನ ಬಾವಿಯೊಂದು ಒಂಬತ್ತು ವರ್ಷದಿಂದ ಉಪ್ಪು ಎನ್ನಿಸಿಕೊಂಡು ಸುಮ್ಮನಿತ್ತು.

ಅವಳೂ ಗಂಡನಿಗೆ ಕೂಡಲೇ ಹೇಳಲಿಲ್ಲ. ಅವನ ಪರೀಕ್ಷೆ ಮುಗಿಯಲಿ ಎಂದು ಕಾದಳು. ಎಂಟನೆಯ ಸಂಜೆ ಮಕ್ತುಮ್ ಸಾಬ್ ಚಾಪೆಯ ಮೇಲೆ ಕೂತು ತೀರ್ಪು ಹೇಳಿದ.

"ಅರಳದ ಅಕ್ಕಿಗೂ ಒಂದು ಕಾರಣ ಇರ್ತದೆ. ಹಸಿ ಇರ್ತದೆ, ಹಳೇದಿರ್ತದೆ. ಇದಕ್ಕೆ ಕಾರಣನೇ ಇಲ್ಲ. ಕಾರಣ ಗೊತ್ತಿಲ್ಲದ ಮಾಲು ನಾನು ಮುಟ್ಟಲ್ಲ. ಪಾಲಯ್ಯನ ಸೈಟೇ ತಗೊಂಡು, ಇನ್ನೊಂದು ನಾಲ್ಕು ವರ್ಷ ಭಟ್ಟಿ ಮಾಡ್ತೀನಿ."

"ನಾಲ್ಕು ವರ್ಷ," ಎಂದಳು ಅಮೀನಾಬೀ. ಅವನಿಗೆ ಕೆಮ್ಮು ಬಂತು. ಭಟ್ಟಿಯಲ್ಲಿ ರೂಢಿಯಾದಂತೆ ಒಂದೊಂದನ್ನೂ ಎಣಿಸುತ್ತ, ಹದಿನಾಲ್ಕಕ್ಕೆ ಅದು ನಿಂತ ಮೇಲೆ, "ನಾಳೆ ಬೆಳಿಗ್ಗೆ ಹೊಳೀಗೆ ಹೋಗಬ್ಯಾಡ್ರಿ. ತಂಬಿಗೆ ಹಿಡ್ಕೊಂಡು ಇಲ್ಲೇ ಹೋಗಿ ಬರ್ರಿ," ಎಂದಳು.

"ಯಾಕ?"

"ಒಂದು ಹಿಡಿ."

ಮರುದಿನ ಬೆಳಿಗ್ಗೆ ಮಕ್ತುಮ್ ಸಾಬ್ ತಂಬಿಗೆ ಹಿಡಿದು ಅಂಗಳಕ್ಕಿಳಿದ. ಹತ್ತು ಹೆಜ್ಜೆ ಇಡುವುದರೊಳಗೆ ಕಟ್ಟೆಯಿಂದ ಮಾತು ಬಂತು.

"ಯಾಕ ಸಾಬ್ರೆ, ಹೊಳೀಗೆ ಹೋಗಲಿಲ್ಲ? ಮಂಡಿ ನೋವೇನು?"

"ಹಂಗೇನಿಲ್ರಿ."

"ತಡಕೊಳ್ಳೋಕೆ ಆಗಲಿಲ್ಲೇನು? ವಯಸ್ಸಾದ ಮೇಲೆ ಹಂಗೇ ಅದು. ಹೋಗಿ ಬರ್ರಿ, ಹೋಗಿ ಬರ್ರಿ. ನಾನು ಇಲ್ಲೇ ಇರ್ತೀನಿ."

ಸಾಬ್ ತುಂಬಿದ ತಂಬಿಗೆಯೊಂದಿಗೆ ವಾಪಸು ಬಂದು, ಅದನ್ನು ಹೊಸ್ತಿಲ ಬಳಿ ಇಟ್ಟು, ಹೆಂಡತಿಯ ಮುಖ ನೋಡಿದ. ಅವಳು ಚಹಾ ಸೋಸಿದಳು. ಬಾವಿ ಎಲ್ಲಿರಬೇಕು, ಕಕ್ಕಸು ಎಲ್ಲಿರಬೇಕು ಎಂದು ಹೇಳಿದ ಶಾಸ್ತ್ರದವರು, ಮಾಲೀಕ ಎಲ್ಲಿ ಕೂರಬೇಕು ಎಂದು ಹೇಳುವುದನ್ನು ಮರೆತಿದ್ದರು.

ಇನ್ನು ತೊಂದರೆಯೇನಿದೆ? ವಠಾರ ಮಾರಿದ ಮೇಲೆ ಮಾಲೀಕ ಏಳುತ್ತಾನೆ, ಮಾಲೀಕ ಎದ್ದರೆ ದೋಷವೂ ಎದ್ದುಹೋಗುತ್ತದೆ. ಅರ್ಧ ಬೆಲೆಗೆ ಪೂರ್ತಿ ಮಾಲು. ಬಳೆಗಳು ಮಂಡಿಪೇಟೆಯ ಚಿನಿವಾರರ ತಕ್ಕಡಿ ಏರಿದವು. ಭಟ್ಟಿಯ ಜಾಗದ ಯಜಮಾನನಿಗೆ, ತಿಂಗಳ ಕೊನೆಗೆ ಬಿಡುತ್ತೇನೆ ಎಂದು ಹೇಳಿಯೂ ಆಯಿತು. ಮರುದಿನವೇ ಬೇರೊಬ್ಬರು ಬಂದು ಭಟ್ಟಿಯ ಒಲೆ ಅಳೆದುಕೊಂಡು ಹೋದರು.

ನೋಂದಣಿಯ ದಿನ ಹರಿಹರದ ಕಚೇರಿಯ ಮುಂದಿನ ಹುಣಸೆ ಮರದ ಕೆಳಗೆ, ಪತ್ರ ಬರೆಯುವ ಉಜ್ಜನಪ್ಪ ಕ್ರಯಪತ್ರವನ್ನು ಗಟ್ಟಿಯಾಗಿ ಓದಿದ. ಚಕ್ಕುಬಂದಿಯ ನಾಲ್ಕು ದಿಕ್ಕು ಮುಗಿದ ಮೇಲೂ ಓದು ನಿಲ್ಲಲಿಲ್ಲ.

"ಸದರಿ ಸ್ವತ್ತಿನೊಳಗಿನ ಬೇವಿನ ಮರದ ಕಟ್ಟೆಯ ಮೇಲೆ, ಮಾರಾಟ ಮಾಡಿದವರು ತಮ್ಮ ಜೀವಮಾನ ಪರ್ಯಂತ ಕುಳಿತುಕೊಳ್ಳುವ ಹಕ್ಕನ್ನು ಉಳಿಸಿಕೊಂಡಿರುತ್ತಾರೆ."

ಮಕ್ತುಮ್ ಸಾಬ್ ಮತ್ತೊಮ್ಮೆ ಓದಿಸಿದ. ಎರಡನೆಯ ಸಲವೂ ಅದೇ ಇತ್ತು.

"ಇದಕ್ಕೆ ಬೇಕಾದ್ರೆ ಇನ್ನೂರು ರೂಪಾಯಿ ಕಮ್ಮಿ ಕೊಡ್ರಿ ಸಾಬ್ರೆ," ಎಂದ ಕೆಂಚವೀರಪ್ಪ. "ಆ ಮರ ನಾನು ನೆಟ್ಟಿದ್ದು. ಕೊಕ್ಕನೂರಾಗ ಓಣಿ ದಾಟೋದ್ರಾಗೆ ಇಪ್ಪತ್ತು ಜನ ಮಾತಾಡ್ಸೋರು. ಇಲ್ಲಿ ನನ್ನ ಯಾರು ಕೇಳ್ತಾರೆ? ವಠಾರದ ಹೆಣ್ಮಕ್ಕಳನ್ನ ಹೆಂಗದೀರವ್ವ ಅಂತ ಕೇಳ್ಕೊಂಡು ಹೊತ್ತು ಕಳೀತೀನಿ. ಅದೊಂದು ಬಿಡಿಸಬ್ಯಾಡ್ರಿ."

ಪಾಲಯ್ಯ ಸಾಬನ ಕಿವಿಯಲ್ಲಿ ಉಸುರಿದ. "ಕೂಡ್ಲಿ ಬಿಡ್ರಿ. ಕೂತ್ರೆ ಕಲ್ಲು ಸವೀತದೇನು? ಇನ್ನೂರು ಪುಕ್ಕಟೆ ಬಂತು."

ಬಳೆ ಹೋಗಿತ್ತು, ಭಟ್ಟಿ ಹೋಗಿತ್ತು, ಮುದುಕ ಉಳಿದಿದ್ದ. ಯಾಕೆ ಬೇಡ ಎಂದು ನಾಲ್ಕು ಜನರ ಮುಂದೆ ಹೇಳುವಂತೆಯೂ ಇರಲಿಲ್ಲ. ಒಂಬತ್ತು ವರ್ಷ ಎಷ್ಟೊಂದು ಗಂಡಸರು ನೀರು ಉಪ್ಪು ಎಂದು ಹೇಳಿದ್ದರ ಅರ್ಥ ಸಾಬನಿಗೆ ಆಗ ಪೂರ್ತಿ ಆಯಿತು. ಅವನ ಬಾಯಿಗೂ ಅದೇ ಮಾತು ಬರುವುದರಲ್ಲಿತ್ತು.

ಎದ್ದು ಹೋಗಿ, ಕಚೇರಿಯ ಜಗುಲಿಯ ಮೂಲೆಯಲ್ಲಿ ಕೂತಿದ್ದ ಅಮೀನಾಬೀಗೆ ಹೇಳಿದ. ಅವಳು ಖಾಲಿ ಮಣಿಕಟ್ಟನ್ನು ತಿಕ್ಕುತ್ತ ಕೇಳಿದಳು.

"ಅವರಿಗೆ ಬೇಕಿರೋದು ಕಟ್ಟೆಯೇನು, ಮಾತಾಡೋರೇನು?"

"ಎರಡೂ."

"ಹಂಗಾದ್ರೆ ಎರಡೂ ಕೊಡ್ರಿ."

ಅವಳು ಜಗುಲಿಯ ಧೂಳಿನ ಮೇಲೆ ಬೆರಳಿನಿಂದ ಬೀದಿಯ ಗೋಡೆ ಎಳೆದಳು. ಬಾಗಿಲು ಬಿಟ್ಟಳು. ಮರಕ್ಕೆ ಒಂದು ಸೊನ್ನೆ ಹಾಕಿದಳು. ಆಮೇಲೆ ಮರದ ಮುಂದಿದ್ದ ಗೆರೆಯನ್ನು ಅಂಗೈಯಿಂದ ಒರೆಸಿ, ಮರದ ಹಿಂದಿನಿಂದ ಬಳಸಿ ಎಳೆದು, ಕಕ್ಕಸಿನ ಈಚೆಗೆ ಮತ್ತೆ ಬೀದಿಗೆ ಸೇರಿಸಿದಳು.

"ಕಟ್ಟೆ ಇದ್ದಲ್ಲೇ ಇರ್ಲಿ. ಗೋಡೆ ಹಿಂದಕ್ಕೆ ಬರ್ಲಿ."

ಮಕ್ತುಮ್ ಸಾಬ್ ಧೂಳನ್ನು ನೋಡಿದ. ಈಗ ಕಟ್ಟೆ ಬೀದಿಯಲ್ಲಿತ್ತು. ಕಕ್ಕಸು ಒಳಗೆ ಉಳಿದಿತ್ತು. "ಎಂಟು ಅಡಿ ಜಾಗ ಬೀದಿಗೆ ಹೋತಲ್ಲ," ಎಂದ.

"ಎಂಟು ಅಡಿ ಬಿಡ್ರಿ, ಆರು ಮನೆ ಹಿಡ್ಕೊಳ್ರಿ."

ಹುಣಸೆ ಮರದ ಕೆಳಗೆ ಅವನು ವಾಪಸು ಬಂದು, ಕಟ್ಟೆಯ ಹಕ್ಕು ಇರಲಿ, ಜೊತೆಗೆ ಬೀದಿಯ ಗೋಡೆಯನ್ನು ಮರದ ಹಿಂದಕ್ಕೆ ಸರಿಸಿ ಕಟ್ಟುತ್ತೇವೆ, ಅದನ್ನೂ ಬರೆಯಿರಿ ಎಂದ. ಕೆಂಚವೀರಪ್ಪ ಹುಬ್ಬು ಗಂಟಿಕ್ಕಿದ.

"ನೆರಳು?"

"ನೆರಳು ಮರದ್ದು ಯಜಮಾನ್ರೆ, ಗೋಡೇದಲ್ಲ."

"ವಠಾರದೋರು ಕಾಣಲ್ಲ ಹಂಗಾದ್ರೆ."

"ಹೋಗೋರು ಬರೋರು ನಿಮ್ಮ ಮುಂದೇನೇ ಬಾಗಿಲು ದಾಟಬೇಕು. ಸಂತೆ ಚೀಲ ಹಿಡ್ಕೊಂಡು ಬರ್ತಾರೆ, ಏನು ತಂದ್ರಿ ಅಂತ ಕೇಳ್ರಿ. ಊರಿಗೆ ಹೊಂಟ್ರೆ ಎಲ್ಲಿಗೆ ಅಂತ ಕೇಳ್ರಿ. ಮೇಲೆ ಇಡೀ ಬೀದಿ ನಿಮ್ಮದು."

ಕೆಂಚವೀರಪ್ಪ ಯೋಚಿಸಿದ. ಉಜ್ಜನಪ್ಪ ಲೇಖನಿ ಅದ್ದಿ ಹಿಡಿದು ಕಾದ. ಕೊನೆಗೆ ಮುದುಕ, "ಬೀದಿ ಕಡೆ ಒಂದು ಮೆಟ್ಟಿಲು ಮಾಡಿಸಿ ಕೊಡ್ರಿ. ಏರೋಕೆ," ಎಂದ. ಮೆಟ್ಟಿಲನ್ನೂ ಬರೆದರು. ಆ ಇನ್ನೂರು ರೂಪಾಯಿ ಗೋಡೆ ಕಿತ್ತು ಕಟ್ಟುವ ಗೌಂಡಿಗೆ ಸರಿಹೋಯಿತು.

ಗೋಡೆ ಎದ್ದ ಮೇಲೆ ಮೊದಲೆರಡು ದಿನ ಕೆಂಚವೀರಪ್ಪ ಅಭ್ಯಾಸದಿಂದ ಗೋಡೆಯ ಕಡೆಗೇ ಮುಖ ಮಾಡಿ ಕೂತಿದ್ದ. ಮೂರನೆಯ ದಿನ ಬೆನ್ನ ಹಿಂದೆ ಯಾರೋ ಎತ್ತು ನಿಲ್ಲಿಸಿ, "ಯಾಕ ಕಾಕ, ಗೋಡೆ ಮುಂದೆ ಕುಂತೀಯಲ್ಲ, ತಪ್ಪೇನು ಮಾಡಿದಿ?" ಎಂದರು. ಕೊಕ್ಕನೂರಿನ ಗಾಡಿ. ಮಾಲು ಹಾಕಲು ಪೇಟೆಗೆ ಬಂದದ್ದು. ಆ ಬೀದಿಯಲ್ಲಿ ಒಂಬತ್ತು ವರ್ಷದಿಂದ ಅವನ ಊರಿನ ಗಾಡಿಗಳು ಗೋಡೆಯ ಆಚೆ ಹಾದುಹೋಗುತ್ತಿದ್ದವು. ಈಚೆ ಕೂತವನಿಗೆ ಕಾಣಿಸಿರಲಿಲ್ಲ. ಮುದುಕ ತಿರುಗಿ ಕೂತ. ಮತ್ತೆ ಆ ಕಡೆ ತಿರುಗಲಿಲ್ಲ.

ಯಲ್ಲಕ್ಕ ಕಟ್ಟಿದ ಸಾಮಾನು ಬಿಚ್ಚಿದಳು. ಅವಳು ಯಾರಿಗೆ ಏನು ಹೇಳಿದಳೋ, ತಿಂಗಳೊಳಗೆ ನಾಲ್ಕು ಸಂಸಾರ ಬಂದವು. ಅವುಗಳಲ್ಲಿ ಎರಡು ಮುಂಚೆ ಬಿಟ್ಟುಹೋದವೇ. ಆರನೆಯದರಲ್ಲಿ ಸಾಬನ ಸಂಸಾರ. ನೀರು ಹೆಂಗೈತೆ ಎಂದು ಸಾಬ್ ಕೇಳಿದರೆ, ಈಗ ಸಿಹಿ ಆಗೈತೆ ಎಂದು ಗಂಡಸರು ಮನಃಪೂರ್ವಕವಾಗಿ ಹೇಳುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಪಾಲಯ್ಯ ಬಂದ. ಕೆಂಚವೀರಪ್ಪ ಕಟ್ಟೆಯಿಂದಲೇ ಬೀದಿಯ ಆ ತುದಿಯ ಅಂಗಡಿಯವನ ಹೊಟ್ಟೆನೋವು ವಿಚಾರಿಸುತ್ತಿದ್ದ. ಅಂಗಡಿಯವನೂ ಇಲ್ಲಿಗೆ ಕೇಳುವಂತೆ ವಿವರವಾಗಿ ಉತ್ತರ ಕೊಡುತ್ತಿದ್ದ. ಮಕ್ತುಮ್ ಸಾಬ್ ಕಟ್ಟೆಯ ಇನ್ನೊಂದು ತುದಿಯಲ್ಲಿ ಚಹಾ ಕುಡಿಯುತ್ತಿದ್ದ.

"ನಿಮ್ಮಿಂದ ನನಗೊಂದು ವಿದ್ಯೆ ಸಿಕ್ತು ಸಾಬ್ರೆ," ಎಂದ ಪಾಲಯ್ಯ, ದನಿ ತಗ್ಗಿಸಿ. "ಮರ ಗೋಡೆಯ ಒಳಗಿದ್ರೆ ಮನೆ ನಿಲ್ಲಲ್ಲ. ಹೊರಗಿರಬೇಕು. ದಾವಣಗೆರೆಯಾಗ ಮೂರು ಮನೆಯೋರಿಗೆ ಹೇಳಿ ಗೋಡೆ ಕೀಳಿಸಿದೀನಿ. ಒಬ್ಬರ ಅಂಗಳದ ನಡುವೆ ತೆಂಗಿನ ಮರ ಇತ್ತು, ಅವರಿಗೆ ಅರ್ಧ ಅಂಗಳ ಹೋತು. ಹೋಗ್ಲಿ ಬಿಡ್ರಿ, ದೋಷ ಹೋತಲ್ಲ."

"ಇದು ಯಾವ ಶಾಸ್ತ್ರದಾಗ ಐತೆ ಪಾಲಯ್ಯ?"

"ಅದನ್ನ ನೀವು ಹೇಳಬೇಕು. ಯಾರನ್ನ ಕೇಳಿ ಮಾಡಿದ್ರಿ? ಭಾರಿ ತಿಳಿದೋರು ಇರಬೇಕು."

ಮಕ್ತುಮ್ ಸಾಬ್ ಹೊಸ ಗೋಡೆಯ ಕಡೆ ನೋಡಿದ. ಅದರ ಆಚೆ ಹೆಂಗಸರ ಮಾತು, ಬಾವಿಯ ಗಡಗಡೆಯ ಸದ್ದು ಕೇಳುತ್ತಿದ್ದವು. ಏನೂ ಕಾಣುತ್ತಿರಲಿಲ್ಲ. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮೂ ಬಂತು. ಬಾವಿಯ ಹತ್ತಿರ ಹಗ್ಗ ಹಿಡಿದಿದ್ದ ಅಮೀನಾಬೀ, ಭಟ್ಟಿಯ ದಿನಗಳಂತೆ, ಕೈ ತಡೆದು ಕೆಮ್ಮು ಎಣಿಸಿದಳು. ಎರಡಕ್ಕೆ ನಿಂತಿತು. ಅವಳು ಕೊಡ ಮೇಲಕ್ಕೆಳೆದುಕೊಂಡಳು.